ಹುಲ್ಲಿನ ಹೊರೆ ಹೊತ್ತರೆ ಸರಿ, ಸುಮ್ನೆ ನಡೆದರೆ ಯಾಕೆ ಪ್ರಶ್ನೆ?

2025ರ ಜೂನ್ ತಿಂಗಳಲ್ಲಿ ಹಾಸನದ ಹೆಸರು ಟಿವಿಯಲ್ಲಿ ದಿನಾ ಕೇಳಿಬರುತ್ತಿತ್ತು. ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜಿಲ್ಲೆಯಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಎಂದು ಜುಲೈನಲ್ಲಿ ವರದಿ ಬಂತು. ಭಯ ಇಳಿಯಿತು, ಕ್ಯಾಮೆರಾಗಳು ಬೇರೆ ಕಡೆ ತಿರುಗಿದವು. ಉಳಿದದ್ದು ಡಾಕ್ಟರುಗಳ ಹಳೇ ಮಾತು: ಬೀಡಿ ಸಿಗರೇಟು ಬಿಡಿ, ಬಿಪಿ-ಶುಗರ್ ನೋಡಿಸಿಕೊಳ್ಳಿ, ದಿನಾ ಅರ್ಧ ಗಂಟೆ ನಡೆಯಿರಿ.

ಆ ಕೊನೆಯ ಮಾತು ಎಷ್ಟು ಸುಲಭ ಅನ್ನಿಸುತ್ತೆ, ಅಲ್ವಾ? ಕಾಸು ಬೇಡ, ಸಾಮಾನು ಬೇಡ. ಆದರೆ ಅರಕಲಗೂಡು ಕಡೆಯದೋ ಕಡೂರು ಕಡೆಯದೋ ಒಂದು ಹಳ್ಳಿಯಲ್ಲಿ ನಲವತ್ತು ದಾಟಿದ ಹೆಂಗಸೊಬ್ಬರು ಸಂಜೆ ಆರು ಗಂಟೆಗೆ ರಸ್ತೆಗೆ ಇಳಿಯಲಿ ನೋಡೋಣ. ಕೈಯಲ್ಲಿ ಚೀಲ ಇಲ್ಲ, ತಲೆ ಮೇಲೆ ಹೊರೆ ಇಲ್ಲ, ಹಿಂದೆ ದನ ಇಲ್ಲ. ಬಿರಬಿರನೆ ನಡೆಯುತ್ತಿದ್ದಾರೆ. ಅರಳಿಕಟ್ಟೆ ದಾಟುವುದರೊಳಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಎಲ್ಲಿಗಕ್ಕಾ ಹೊಂಟೆ?" ಎಲ್ಲಿಗೂ ಇಲ್ಲ, ವಾಕಿಂಗು ಅಂದರೆ ಮುಂದಿನ ಪ್ರಶ್ನೆ ರೆಡಿ: "ಯಾಕಕ್ಕಾ, ಶುಗರ್ ಬಂದೈತಾ?"

ಕೇಳಿದವರಿಗೆ ಕೆಟ್ಟ ಮನಸ್ಸೇನೂ ಇಲ್ಲ. ಅವರು ಊರಿನ ಲೆಕ್ಕವನ್ನು ಬಾಯಿಬಿಟ್ಟು ಹೇಳಿದರು, ಅಷ್ಟೇ. ಹಳ್ಳಿಯಲ್ಲಿ ಹೆಂಗಸರ ಓಡಾಟಕ್ಕೆ ಅಡ್ಡಿ ಇಲ್ಲ. ಹೊಲಕ್ಕೆ ಹೋಗಬಹುದು, ಸೊಸೈಟಿಗೆ ಹೋಗಬಹುದು, ಸಂಘದ ಮೀಟಿಂಗಿಗೆ ಹೋಗಬಹುದು. ಆದರೆ ಪ್ರತಿ ಓಡಾಟಕ್ಕೂ ಒಂದು ಕಾರಣ ಬೇಕು. ಆ ಕಾರಣ ಮನೆಯದ್ದೋ ದನದ್ದೋ ದೇವರದ್ದೋ ಆಗಿರಬೇಕು. ತನ್ನ ಮೈಗೋಸ್ಕರ ಹೊರಡುತ್ತೇನೆ ಅನ್ನುವುದು ಕಾರಣಗಳ ಪಟ್ಟಿಯಲ್ಲಿ ಬರುವುದಿಲ್ಲ. ಕಾಯಿಲೆ ಬಂದರೆ ಮಾತ್ರ ಬರುತ್ತದೆ. "ಡಾಕ್ಟ್ರು ಹೇಳವ್ರೆ" ಅಂದರೆ ಅತ್ತೆಯೂ ಸುಮ್ಮನಾಗುತ್ತಾರೆ. ಕಾಯಿಲೆ ಬರದ ಹಾಗೆ ತಡೆಯಬೇಕಾದ ನಡಿಗೆಗೆ ಕಾಯಿಲೆ ಬಂದ ಮೇಲಷ್ಟೇ ಪರ್ಮಿಷನ್ ಸಿಗುತ್ತದೆ.

ಇಡೀ ದಿನ ದುಡಿದರೂ ಲೆಕ್ಕಕ್ಕಿಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಉಸಿರು ಸ್ವಲ್ಪ ಜೋರಾಗುವಂಥ ಚಟುವಟಿಕೆ ಬೇಕು. ಭಾರತದಲ್ಲಿ ಎಷ್ಟು ಜನ ಇಷ್ಟು ಮಾಡುತ್ತಿಲ್ಲ ಎಂಬ ಅಂದಾಜು 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. 2022ಕ್ಕೆ ಸೇರಿದ ಲೆಕ್ಕ ಅದು. ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸಾಕಷ್ಟು ಚಟುವಟಿಕೆ ಮಾಡುತ್ತಿಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57.

ಇದನ್ನು ಹಳ್ಳಿಯಲ್ಲಿ ಹೇಳಿದರೆ ನಗುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಪಾತ್ರೆ ತೊಳೆದಿಟ್ಟು ಮಲಗುವವರಿಗೆ ಚಟುವಟಿಕೆ ಸಾಲದಂತೆ! ಆ ನಗುವಿನಲ್ಲಿ ನ್ಯಾಯ ಇದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯನ್ನೇ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದರಲ್ಲೂ ಅಂಥ ಕೆಲಸಕ್ಕೆ ಕೈ ಹಾಕುವ ಗಂಡಸರೇ ಕಮ್ಮಿ.

ಹಾಗಾದರೆ ಎರಡೂ ಹೇಗೆ ನಿಜ? ಒಂದು ಕಾರಣ ಕೇಳುವ ರೀತಿಯಲ್ಲಿದೆ. ಚಟುವಟಿಕೆ ಅಳೆಯುವ ಸಮೀಕ್ಷೆಗಳಲ್ಲಿ ಮನೆಗೆಲಸವನ್ನೂ ಕೆಲಸ ಅಂತಲೇ ಹಿಡಿಯಬೇಕು ಎಂಬ ನಿಯಮ ಇದೆ. ಆದರೆ ಏನು ಕೆಲಸ ಮಾಡ್ತೀರಮ್ಮ ಅಂತ ಕೇಳಿದರೆ ಬರುವ ಉತ್ತರ ನಮಗೆಲ್ಲ ಗೊತ್ತು: "ಏನಿಲ್ಲ, ಮನೇಲೇ ಇರ್ತೀನಿ." ಹತ್ತು ನಿಮಿಷ ಒಂದೇ ಸಮ ಉಸಿರು ಜೋರಾಗುವ ಕೆಲಸ ಎಷ್ಟು ಹೊತ್ತು ಮಾಡ್ತೀರಿ ಅಂದರೆ ಯಾರು ತಾನೇ ಲೆಕ್ಕ ಇಟ್ಟಿರುತ್ತಾರೆ? ಗುಡಿಸುವುದು ಐದು ನಿಮಿಷ, ನಡುವೆ ಒಲೆ, ನಡುವೆ ಮಗು, ಮತ್ತೆ ಕೊಟ್ಟಿಗೆ. ದಿನವೆಲ್ಲ ಚೂರು ಚೂರು.

ಇನ್ನೊಂದು ಕಾರಣ ಕೆಲಸದೊಳಗೇ ಇದೆ. ಎಲ್ಲ ದುಡಿಮೆಯೂ ಮೈಗೆ ಒಂದೇ ಥರ ಆಗುವುದಿಲ್ಲ. ಚನ್ನರಾಯಪಟ್ಟಣದ ಕಡೆ ಎರಡು ಹಸು ಕಟ್ಟಿರುವ ಮನೆಯ ಬೆಳಗನ್ನು ತಗೊಳ್ಳಿ. ಸಗಣಿ ಬಾಚಿ ಮಂಕರಿಗೆ ತುಂಬಿ ತಿಪ್ಪೆಗೆ ಹೊರುವುದು, ಕೊಟ್ಟಿಗೆ ತೊಳೆಯುವುದು, ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವುದು, ಇವೆಲ್ಲ ಬಹುಪಾಲು ಮನೆಗಳಲ್ಲಿ ಹೆಂಗಸರದ್ದು. ಕರೆದ ಹಾಲು ಕ್ಯಾನಿಗೆ ಬಿದ್ದ ಮೇಲೆ ಅದು ಟಿವಿಎಸ್ ಮೇಲೆ ಯಜಮಾನರ ಜೊತೆ ಡೈರಿಗೆ ಹೋಗುತ್ತದೆ. ಅಲ್ಲಿ ಹತ್ತು ಜನರ ಜೊತೆ ಮಾತು, ಪಕ್ಕದ ಹೋಟೆಲಲ್ಲಿ ಒಂದು ಟೀ. ಅಷ್ಟು ಹೊತ್ತಿಗೆ ಮನೆಯಲ್ಲಿ ರೊಟ್ಟಿ ಬೇಯುತ್ತಿರುತ್ತದೆ. ಬಿಸಿಲೇರಿದ ಮೇಲೆ ಸೀಮೆಹುಲ್ಲು ಕೊಯ್ದು ಹೊರೆ ಕಟ್ಟಿ ತಲೆ ಮೇಲೆ ತರಬೇಕು. ಹೊರೆ ಹೊತ್ತು ಬರುವ ಅಷ್ಟು ಹೊತ್ತು ಮಾತ್ರ ಡಾಕ್ಟರು ಹೇಳುವ ಉಸಿರು ಜೋರಾಗುವ ಕೆಲಸ. ಉಳಿದದ್ದೆಲ್ಲ ಬಗ್ಗುವುದು, ಕೂರುವುದು, ನಿಲ್ಲುವುದು. ಸೊಂಟ ಮಂಡಿ ಸವೆಸುತ್ತದೆ, ಹೃದಯಕ್ಕೆ ಕಸುವು ಕೊಡುವುದಿಲ್ಲ.

ದುಡಿಮೆಯ ಚಟುವಟಿಕೆ ಮತ್ತು ಬಿಡುವಿನ ಚಟುವಟಿಕೆ ಮೈಗೆ ಬೇರೆ ಬೇರೆ ಅನ್ನುವ ವಾದ ವೈದ್ಯ ಲೋಕದಲ್ಲಿ ಜೋರಾಗಿಯೇ ನಡೆದಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1,04,046 ಜನರನ್ನು ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಬಿಡುವಿನಲ್ಲಿ ಮೈ ದಣಿಸಿದವರಿಗೆ ಹೃದಯದ ತೊಂದರೆ ಕಮ್ಮಿ. ಕೆಲಸದಲ್ಲಿ ಮೈ ದಣಿಸಿದವರಿಗೆ ಜಾಸ್ತಿ. ಅಧ್ಯಯನ ಮಾಡಿದವರು ಇದಕ್ಕೆ ಕೊಡುವ ಕಾರಣ ಹೀಗಿದೆ: ವ್ಯಾಯಾಮ ಅರ್ಧ ಗಂಟೆ ಜೋರಾಗಿ ನಡೆದು ನಿಲ್ಲುತ್ತದೆ, ಆಮೇಲೆ ಮೈ ಸುಧಾರಿಸಿಕೊಳ್ಳುತ್ತದೆ. ದುಡಿಮೆ ಗಂಟೆಗಟ್ಟಲೆ ಎಳೆಯುತ್ತದೆ. ಬಿಪಿಯೂ ನಾಡಿಯೂ ಏರಿದ್ದು ಇಳಿಯುವುದಕ್ಕೆ ಪುರುಸೊತ್ತಿಲ್ಲ. ಸಾಕು ಅನಿಸಿದಾಗ ನಿಲ್ಲಿಸುವ ಅಧಿಕಾರವೂ ದುಡಿಯುವವರ ಕೈಯಲ್ಲಿಲ್ಲ. ಇದನ್ನು ಒಪ್ಪದ ತಜ್ಞರಿದ್ದಾರೆ. ಬಡತನ, ತಂಬಾಕು, ಊಟದ ಕೊರತೆ ಇವೇ ಕಾರಣ, ದುಡಿಮೆ ಅಲ್ಲ ಅನ್ನುತ್ತಾರೆ ಅವರು. ಡೆನ್ಮಾರ್ಕಿನ ಲೆಕ್ಕವನ್ನು ಆಲೂರಿಗೆ ಹಾಗೇ ತಂದು ಅಂಟಿಸುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಸುಧಾರಿಸಿಕೊಳ್ಳುವ ಹೊತ್ತಿನ ವಿಷಯ ನಮ್ಮಲ್ಲಿ ಇನ್ನೂ ಜಾಸ್ತಿ ಅನ್ವಯಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಮ್ಮಿ ಇರುವ ಮೈಯಲ್ಲಿ ಅಷ್ಟೇ ಕೆಲಸಕ್ಕೆ ಹೃದಯ ಜಾಸ್ತಿ ಸಲ ಬಡಿಯಬೇಕು. ಅಂಥವರಿಗೆ ಇನ್ನೊಂದಿಷ್ಟು ಓಡಾಡಿ ಅನ್ನುವುದು ಸಲಹೆಯೇ ಅಲ್ಲ.

ಗಂಡಾಳು, ಹೆಣ್ಣಾಳು

ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ತೋಟಗಳಿಗೆ ಬಂದರೆ ಮೈಯ ಲೆಕ್ಕ ದುಡ್ಡಿನಲ್ಲೇ ಕಾಣುತ್ತದೆ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ. ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಬೇಕೆಂಬ ಕಾನೂನು 1976ರಲ್ಲೇ ಬಂದಿದೆ. ಅದನ್ನು ದಾಟುವ ದಾರಿ ಸುಲಭ: ಕೆಲಸವನ್ನೇ ಬೇರೆ ಮಾಡಿದರಾಯಿತು. ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದು, ಔಷಧಿ ಹೊಡೆಯುವುದು, ಏಣಿ ಹತ್ತಿ ಕಾಳುಮೆಣಸು ಕೊಯ್ಯುವುದು ಗಂಡಸರಿಗೆ. ಕಳೆ ತೆಗೆಯುವುದು, ಚಿಗುರು ತೆಗೆಯುವುದು, ಹಣ್ಣು ಕೊಯ್ಯುವುದು ಹೆಚ್ಚಾಗಿ ಹೆಂಗಸರಿಗೆ. ಹೆಂಗಸರ ಕೆಲಸ ಹಗುರ ಅಂತ ವಿವರಣೆ.

ಹಗುರವೋ ಅಲ್ಲವೋ ಕೊಯ್ಲಿನ ಸಮಯದಲ್ಲಿ ಹೋಗಿ ನೋಡಬೇಕು. ಇಳಿಜಾರಿನಲ್ಲಿ ಕಾಲು ಊರಿ ನಿಂತು, ಒಂದು ಕೈಯಲ್ಲಿ ಗಿಡದ ರೆಕ್ಕೆ (ಕೊಂಬೆ) ಬಗ್ಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಹಣ್ಣು ಬಿಡಿಸಿ ಸೊಂಟದ ಚೀಲಕ್ಕೆ ಹಾಕಬೇಕು. ಚೀಲ ತುಂಬುತ್ತಾ ಹೋದ ಹಾಗೆ ಸೊಂಟ ಎಳೆಯುತ್ತದೆ. ಇಬ್ಬನಿಗೆ ಸೀರೆ ಒದ್ದೆ, ಮೇಲೊಂದು ಗಂಡಸರ ಹಳೇ ಶರಟು. ಸಂಜೆ ಮೂಟೆಯನ್ನು ತೂಕದ ಜಾಗಕ್ಕೆ ಹೊತ್ತು ತಂದು ಲೆಕ್ಕ ಬರೆಯುವ ರೈಟರ ಮುಂದೆ ಇಳಿಸಬೇಕು. ಕೊಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ದುಡ್ಡು ಕೊಡುವ ಕಡೆ ಗಂಡಾಳು ಹೆಣ್ಣಾಳು ಅನ್ನುವ ಭೇದ ತಾನಾಗಿ ಬಿದ್ದುಹೋಗುತ್ತದೆ. ಕೈ ಚುರುಕಿರುವ ಹೆಂಗಸರು ಗಂಡಸರನ್ನು ಹಿಂದೆ ಹಾಕುವುದು ತೋಟದವರಿಗೆಲ್ಲ ಗೊತ್ತು. ತಕ್ಕಡಿಗೆ ಯಾರ ಹಣ್ಣು ಅಂತ ಗೊತ್ತಾಗುವುದಿಲ್ಲ ನೋಡಿ.

ಯಂತ್ರ ಬಂದ ಮೇಲೆ ಇನ್ನೊಂದು ತಿರುವು ಆಯಿತು. ಕತ್ತಿ ಹಿಡಿದು ಬಗ್ಗಿ ಕಳೆ ಹೊಡೆಯುವ ತನಕ ಅದು ಹೆಂಗಸರ ಕೆಲಸ. ಪೆಟ್ರೋಲು ಹಾಕಿ ಓಡಿಸುವ ಕಳೆ ಹೊಡೆಯುವ ಮೆಷಿನ್ ಬಂತು, ಕೆಲಸ ಗಂಡಸರ ಹೆಗಲಿಗೆ ಹೋಯಿತು, ಕೂಲಿಯೂ ಏರಿತು. ಹೆಂಗಸರಿಗೆ ಉಳಿದದ್ದು ಮೆಷಿನ್ ತಲುಪದ ಗಿಡದ ಬುಡ. ಇನ್ನೂ ಜಾಸ್ತಿ ಬಗ್ಗುವ ಕೆಲಸ.

ನೀರಿನದ್ದೊಂದು ಸಣ್ಣ ವಿಷಯ, ಆದರೆ ಬಿಡುವಂತಿಲ್ಲ. ಹೊಲ, ತೋಟದಲ್ಲಿ ಮರೆ ಸಿಗುವುದಿಲ್ಲ ಅಂತ ಎಷ್ಟೋ ಹೆಂಗಸರು ಬೆಳಗಿನಿಂದಲೇ ನೀರು ಕಮ್ಮಿ ಕುಡಿಯುತ್ತಾರೆ. ಬಿಸಿಲಲ್ಲಿ ಇಡೀ ದಿನ ದುಡಿಯುವ ಮೈಗೆ ನೀರಿಲ್ಲ. ಆಮೇಲೆ ತಲೆನೋವು, ಉರಿಮೂತ್ರ. ಗಂಡಸರಿಗೆ ಈ ಯೋಚನೆಯೇ ಇಲ್ಲ.

ಇದು ಒಂದು ಥರದ ಮನೆ. ಅದೇ ಊರಿನಲ್ಲಿ ಇನ್ನೊಂದು ಥರದ ಮನೆಯೂ ಇದೆ. ಬೋರು ಕೊರೆಸಿ, ತೆಂಗು ಅಡಿಕೆ ಫಲ ಬಂದು, ತಾರಸಿ ಮನೆ ಎದ್ದ ಮೇಲೆ ಮೊದಲು ಆಗುವ ಬದಲಾವಣೆ ಏನು? "ನಮ್ಮನೆ ಹೆಂಗಸರು ಹೊಲಕ್ಕೆ ಹೋಗಲ್ಲ." ಅದು ಮನೆಯ ಮರ್ಯಾದೆ. ದುಡಿಮೆ ತಪ್ಪಿತು, ಒಳ್ಳೆಯದೇ. ಆದರೆ ಅದರ ಜೊತೆ ಓಡಾಟವೂ ತಪ್ಪಿತು. ನೀರು ನಲ್ಲಿಯಲ್ಲಿ, ರಾಗಿ ಮಿಲ್ಲಿನಲ್ಲಿ, ಬಟ್ಟೆ ಮೆಷಿನ್ನಿನಲ್ಲಿ. ದುಡಿಮೆ ಹೋದ ಜಾಗಕ್ಕೆ ಆಟವೋ ನಡಿಗೆಯೋ ಬರಲಿಲ್ಲ, ಅಡುಗೆಮನೆಯೇ ದೊಡ್ಡದಾಯಿತು. ಅದೇ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಶೇ 30.1 ಮಂದಿ ಅಧಿಕ ತೂಕದವರು. ಒಂದೇ ರಾಜ್ಯದಲ್ಲಿ ಅರ್ಧಕ್ಕೆ ಹತ್ತಿರ ರಕ್ತಹೀನತೆ, ಮೂರರಲ್ಲಿ ಒಂದಕ್ಕೆ ಹತ್ತಿರ ಅಧಿಕ ತೂಕ. ಬೊಜ್ಜು ಮತ್ತು ರಕ್ತಹೀನತೆ ಒಬ್ಬರಲ್ಲೇ ಇರುವುದೂ ಉಂಟು. ದುಡಿಯುವವರನ್ನು ನಿಲ್ಲಲು ಬಿಡುವುದಿಲ್ಲ, ಮನೆಯೊಳಗಿರುವವರನ್ನು ಹೊರಡಲು ಬಿಡುವುದಿಲ್ಲ.

ಎಂಟನೇ ಕ್ಲಾಸಿನ ಆಸುಪಾಸು

ಇದೆಲ್ಲ ಶುರುವಾಗುವುದು ಮದುವೆಯಾದ ಮೇಲಲ್ಲ. ಏಳನೇ ಕ್ಲಾಸಿನವರೆಗೆ ಹುಡುಗಿಯರು ಹುಡುಗರಷ್ಟೇ ಓಡುತ್ತಾರೆ. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಖೋಖೋ ಆಡುವ ಹುಡುಗಿಯರ ಕಾಲಿನ ವೇಗ ನೋಡಿದವರಿಗೆ ಅನುಮಾನ ಇರುವುದಿಲ್ಲ. ದೊಡ್ಡವಳಾದಳು ಅಂತ ಆರತಿ ಮಾಡಿದ ಮೇಲೆ ಊರ ಬಯಲು ಅವಳದ್ದಲ್ಲ. ಗದ್ದೆ ಕೊಯ್ಲು ಮುಗಿದ ಜಾಗದಲ್ಲಿ ಹುಡುಗರು ಸ್ಟಂಪ್ ನೆಟ್ಟು ಕ್ರಿಕೆಟ್ ಆಡುತ್ತಾರೆ. ಸಂಜೆ ವಾಲಿಬಾಲ್ ನೆಟ್ ಕಟ್ಟುತ್ತಾರೆ. ಮೂವತ್ತು, ನಲವತ್ತು ವರ್ಷದವರೂ ಲುಂಗಿ ಎತ್ತಿ ಕಟ್ಟಿ ಬಂದು ಆಡಬಹುದು. ಅವರ ಜೊತೆ ಓದಿದ ಹುಡುಗಿ ಕೊನೆಯ ಸಲ ಓಡಿದ್ದು ಹೈಸ್ಕೂಲಿನಲ್ಲಿ. ಆಮೇಲೆ ಓಡಿದ್ದು ಬಸ್ಸು ಹಿಡಿಯಲು.

ವೇದಾ ಕೃಷ್ಣಮೂರ್ತಿ ನಮ್ಮ ಕಡೂರಿನವರೇ. 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್ ಫೈನಲ್ ಆಡಿದ ತಂಡದಲ್ಲಿದ್ದರು. ಅವರ ಹೆಸರು ಹೇಳಿ ಹೆಮ್ಮೆ ಪಡುವ ಊರುಗಳಲ್ಲಿ ಮದುವೆಯಾದ ಹೆಂಗಸರು ಸಂಜೆ ಬ್ಯಾಟು ಹಿಡಿಯುವ ಒಂದು ಜಾಗ ಹುಡುಕಿ ನೋಡಿ. ಊರ ಹಬ್ಬದ, ಯುವಕ ಸಂಘದ ಆಟದ ಪಟ್ಟಿಯನ್ನೂ ನೋಡಿ. ಗಂಡಸರಿಗೆ ಕಬಡ್ಡಿ, ವಾಲಿಬಾಲ್. ಮಹಿಳೆಯರಿಗೆ ರಂಗೋಲಿ, ಮ್ಯೂಸಿಕಲ್ ಚೇರ್, ಬಾಯಲ್ಲಿ ಚಮಚ ಕಚ್ಚಿ ನಿಂಬೆಹಣ್ಣು ಬೀಳದ ಹಾಗೆ ನಡೆಯುವುದು. ಎದ್ದು ಬಿದ್ದು ಆಡಬಾರದು ಅನ್ನುವುದೇ ಆ ಪಟ್ಟಿಯ ಗುಟ್ಟು. ಮಲೆನಾಡಿನ ಕೆಸರುಗದ್ದೆ ಆಟದಲ್ಲಿ ಮಾತ್ರ ಈ ಕಟ್ಟು ಸಡಿಲವಾಗುತ್ತದೆ. ಹೆಂಗಸರ ಹಗ್ಗಜಗ್ಗಾಟ ಶುರುವಾದರೆ ಗಂಡಸರ ಆಟಕ್ಕಿಂತ ಜಾಸ್ತಿ ಜನ ಬದುವಿನ ಮೇಲೆ ನಿಲ್ಲುತ್ತಾರೆ. ಬಿದ್ದವರೂ ನಗುತ್ತಾರೆ. ವರ್ಷಕ್ಕೊಂದು ದಿನ.

ಸೈಕಲ್ ವಿಷಯ ಇಲ್ಲೇ ಹೇಳಬೇಕು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಸ್ಕೂಲಿಗೆ ಹೋಗಲಿ ಅಂತ ಕೊಟ್ಟದ್ದು. ಆದರೆ ಹುಡುಗಿಯರು ಊರ ರಸ್ತೆಯಲ್ಲಿ ಗುಂಪಾಗಿ ಸೈಕಲ್ ಹೊಡೆಯುವುದು ಮಾಮೂಲಿ ನೋಟ ಆಯಿತು. ಯಾರೂ ಎಲ್ಲಿಗೆ ಅಂತ ಕೇಳುತ್ತಿರಲಿಲ್ಲ. ಕೋವಿಡ್ ಬಂದಾಗ ಆ ಯೋಜನೆ ನಿಂತಿತು. ಹಾಜರಾತಿಗೆ ಏನಾಯಿತು ಅಂತ ಚರ್ಚೆ ಆಗುತ್ತದೆ, ಹುಡುಗಿಯರ ಕಾಲಿಗೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ.

ಆನೆ ಇದೆ, ನಿಜ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಹೊತ್ತು ಮುಳುಗಿದ ಮೇಲೆ ನಡೆಯಬೇಡ ಅನ್ನುವುದಕ್ಕೆ ಗಟ್ಟಿ ಕಾರಣ ಇದೆ. ಕಾಡಾನೆ. ಅರಸೀಕೆರೆ ಕಡೆ ಚಿರತೆ. ತೋಟದ ಕೆಲಸದಲ್ಲಿ ಆನೆ ದಾಳಿಗೆ ಸಿಕ್ಕಿ ಸತ್ತ ಹೆಂಗಸರಿದ್ದಾರೆ. ಇದನ್ನು ಬರೀ ನೆಪ ಅನ್ನುವವರು ಆ ಕಡೆ ಒಂದು ರಾತ್ರಿ ಇದ್ದು ನೋಡಬೇಕು.

ಆದರೂ ಒಂದು ವಿಷಯ ಕಾಣದೆ ಇರುವುದಿಲ್ಲ. ಮಂಜು ಕರಗುವ ಮೊದಲೇ ಕೂಲಿಯವರ ಪಿಕಪ್ ಹಿಡಿಯಲು ಹೆಂಗಸರು ಅದೇ ದಾರಿಯಲ್ಲಿ ಬರುತ್ತಾರೆ. ಆಗ ಬೇಡ ಅನ್ನುವವರು ಕಮ್ಮಿ. ಕೂಲಿಗೆ ಅಡ್ಡ ಬರದ ಆನೆ ವಾಕಿಂಗಿಗೆ ಅಡ್ಡ ಬರುತ್ತದೆ. ದೇವರಿಗೂ ಅಡ್ಡ ಬರುವುದಿಲ್ಲ. ದೀಪಾವಳಿ ಹೊತ್ತಿಗೆ ಚಿಕ್ಕಮಗಳೂರು ತಾಲ್ಲೂಕಿನ ಮಲ್ಲೇನಹಳ್ಳಿ ಹತ್ತಿರದ ದೇವೀರಮ್ಮನ ಬೆಟ್ಟ ಹತ್ತುವವರಲ್ಲಿ ಎಷ್ಟೊಂದು ಹೆಂಗಸರು! ಬರಿಗಾಲು, ಕತ್ತಲು, ಜಾರುವ ಕಡಿದಾದ ದಾರಿ. ಐವತ್ತು ದಾಟಿದವರೂ ಹುಲ್ಲು ಕಲ್ಲು ಹಿಡಿದು ಹತ್ತುತ್ತಾರೆ. ಶಿವರಾತ್ರಿ ಸಮಯದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ನಡೆಯುವವರಲ್ಲೂ ಹೆಂಗಸರಿರುತ್ತಾರೆ. ಅವರ ಕಾಲಿನಲ್ಲಿ ಶಕ್ತಿ ಇಲ್ಲ ಅಂತಲೋ, ಮನಸ್ಸಿಲ್ಲ ಅಂತಲೋ ಹೇಳುವ ಹಾಗಿಲ್ಲ. ಹರಕೆ ಅನ್ನುವ ಕಾರಣ ಸಿಕ್ಕರೆ ಗಂಡನೇ ಬ್ಯಾಗ್ ಹಿಡಿದು ಬಸ್ ಹತ್ತಿಸುತ್ತಾನೆ.

ಮಾರ್ಕೆಟ್ಟು, ಆಸ್ಪತ್ರೆ, ಊರಾಚೆ ಈ ಮೂರೂ ಕಡೆ ಒಬ್ಬರೇ ಹೋಗಲು ಬಿಡುತ್ತಾರಾ ಅಂತ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇಳುತ್ತಾರೆ. 2019-21ರಲ್ಲಿ ಇಡೀ ದೇಶದಲ್ಲಿ ಹೌದು ಅಂದ ಹೆಂಗಸರು ಶೇ 42. ಅದಾದ ಮೇಲೆ ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಬಸ್ಸು ಹತ್ತುವುದಕ್ಕೆ ಗಂಡನ ಹತ್ತಿರ ಕಾಸು ಕೇಳುವುದು ತಪ್ಪಿತು. ಫ್ರೀ ಬಸ್ಸಿನ ಮೇಲೆ ಎಷ್ಟು ಜೋಕು ಬಂದವು! ಗಂಡಸರು ಡೈರಿ ಮುಂದೆ ನಿಂತು ಹೊತ್ತು ಕಳೆದರೆ ಜೋಕಾಗುವುದಿಲ್ಲ, ಹೆಂಗಸರು ಹಾಸನಾಂಬೆ ನೋಡಲು ಹೊರಟರೆ ಜೋಕಾಗುತ್ತದೆ. ನನ್ನ ಕಣ್ಣಿಗೆ ಆ ಜೋಕುಗಳೂ ಅರಳಿಕಟ್ಟೆಯ ಪ್ರಶ್ನೆಯ ಜಾತಿಯವೇ.

ಹಾಗಾದರೆ ಏನು ಮಾಡಬಹುದು?

ಪಾರ್ಕಿನಲ್ಲಿ ಕಬ್ಬಿಣದ ಜಿಮ್ ಸಾಮಾನು ನೆಡುವುದು ಈಗಿನ ಫ್ಯಾಶನ್. ಹೆಂಗಸರ ಮಟ್ಟಿಗೆ ಅದರ ಮೇಲೆ ನನಗೆ ನಂಬಿಕೆ ಕಮ್ಮಿ. ರಸ್ತೆ ಪಕ್ಕ, ಎಲ್ಲರೂ ನೋಡುವ ಜಾಗದಲ್ಲಿ, ಸೀರೆ ಉಟ್ಟು ಯಾರು ಅದರ ಮೇಲೆ ನಿಲ್ಲುತ್ತಾರೆ? ಅಲ್ಲಿ ಮಕ್ಕಳು ಜೋತಾಡುತ್ತವೆ, ಆಮೇಲೆ ತುಕ್ಕು ಹಿಡಿಯುತ್ತದೆ.

ಕಾರಣವಿಲ್ಲದೆ ಹೊರಡಲು ಆಗದ ಊರಿನಲ್ಲಿ, ಈಗಾಗಲೇ ಒಪ್ಪಿಗೆ ಇರುವ ಕಾರಣಕ್ಕೆ ಜೋತುಬೀಳುವುದು ಜಾಣತನ. ಸ್ತ್ರೀಶಕ್ತಿ ಸಂಘ, ಧರ್ಮಸ್ಥಳ ಸಂಘ ಇಲ್ಲದ ಹಳ್ಳಿ ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಹುಡುಕಬೇಕು. ವಾರದ ಮೀಟಿಂಗಿಗೆ ಹೋಗುತ್ತೇನೆ ಅಂದರೆ ಯಾರೂ ಬೇಡ ಅನ್ನುವುದಿಲ್ಲ, ಕಂತು ಕಟ್ಟಬೇಕಲ್ಲ! ಆ ಗುಂಪೇ ಮೀಟಿಂಗ್ ಮುಗಿದ ಮೇಲೆ ಸ್ಕೂಲ್ ಬಯಲಿನಲ್ಲಿ ಥ್ರೋಬಾಲ್ ಆಡಲಿ, ಕೋಲಾಟ ಕಲಿಯಲಿ, ಕೆರೆ ಏರಿ ಮೇಲೆ ನಡೆಯಲಿ. ಒಬ್ಬರು ನಡೆದರೆ ಊರು ಕೇಳುತ್ತದೆ, ಹತ್ತು ಜನ ನಡೆದರೆ ಕೇಳುವವರಿಗೇ ಸಂಕೋಚ. ಆನೆ ಚಿರತೆ ಇರುವ ಕಡೆಯಂತೂ ಗುಂಪಾಗಿ, ಬೆಳಕಿದ್ದಾಗ, ಬೇಲಿ ಇರುವ ಸ್ಕೂಲ್ ಬಯಲಿನಲ್ಲಿ ಆಡುವುದೇ ಸರಿ. ಪಂಚಾಯ್ತಿ ಮಾಡಬೇಕಾದ್ದು ದೊಡ್ಡದೇನಲ್ಲ. ಸ್ಕೂಲ್ ಗೇಟಿನ ಬೀಗ ತೆಗೆಸುವುದು, ಶೌಚಾಲಯಕ್ಕೆ ನೀರು ಬಿಡುವುದು, ವಾರದಲ್ಲಿ ಎರಡು ಸಂಜೆ ವಾಲಿಬಾಲ್ ಹುಡುಗರಿಗೆ ಪಕ್ಕಕ್ಕೆ ಸರಿಯಿರಿ ಅನ್ನುವುದು. ಮೂರನೆಯದಕ್ಕೆ ಸ್ವಲ್ಪ ಗಲಾಟೆ ಆಗುತ್ತದೆ, ಆಗಲಿ.

ಕೂಲಿ ಹೆಂಗಸರ ವಿಷಯ ಬೇರೆ. ಅವರಿಗೆ ಥ್ರೋಬಾಲ್ ಬೇಕಾಗಿಲ್ಲ, ಕೂರುವುದಕ್ಕೆ ಹೊತ್ತು ಬೇಕು. ಸಗಣಿ ಹೊರಲು ಒಂದು ಚಕ್ರದ ತಳ್ಳುಗಾಡಿ, ಬಗ್ಗದೆ ಕಳೆ ತೆಗೆಯಲು ಉದ್ದ ಹಿಡಿಯ ಸಾಮಾನು, ತೋಟದಲ್ಲಿ ಬಾಗಿಲಿರುವ ಒಂದು ಶೌಚಾಲಯ ಬೇಕು. ಕಳೆ ಹೊಡೆಯುವ ಮೆಷಿನ್ ಓಡಿಸುವ ತರಬೇತಿಗೆ ಹೆಂಗಸರನ್ನೂ ಕರೆದರೆ ಕೂಲಿಯ ಲೆಕ್ಕವೂ ಬದಲಾದೀತು. ರಕ್ತಹೀನತೆಯ ಮಾತ್ರೆ ಆಶಾ ಕಾರ್ಯಕರ್ತೆಯರ ಚೀಲದಿಂದ ಮನೆವರೆಗೆ ಬರುತ್ತದೆ. ಅದನ್ನು ತಿಂದು ಹೊಟ್ಟೆ ತೊಳಸಿದರೆ ಏನು ಮಾಡಬೇಕು ಅನ್ನುವುದನ್ನೂ ಹೇಳಬೇಕು. ಇಲ್ಲದಿದ್ದರೆ ಡಬ್ಬಿ ಗೂಡಿನಲ್ಲೇ ಉಳಿಯುತ್ತದೆ.

ಇನ್ನು ಡಾಕ್ಟರುಗಳು. ಶಿಬಿರದಲ್ಲಿ ಮೈಕು ಹಿಡಿದು ಎಲ್ಲರಿಗೂ ದಿನಾ ಅರ್ಧ ಗಂಟೆ ನಡೆಯಿರಿ ಅನ್ನುವ ಬದಲು, ಎದುರಿಗೆ ಕೂತವರನ್ನು ಎರಡು ಪ್ರಶ್ನೆ ಕೇಳಲಿ: ಇವತ್ತು ಏನೇನು ಹೊತ್ತಿರಿ? ಎಷ್ಟು ಹೊತ್ತಿಗೆ ಕೂತಿರಿ? ಕೂತೇ ಇಲ್ಲ ಅಂದವರಿಗೆ ವಿಶ್ರಾಂತಿಯನ್ನೇ ಚೀಟಿಯಲ್ಲಿ ಬರೆದು, ಅದನ್ನು ಗಂಡನ ಮುಂದೆ ಓದಿ ಹೇಳಲಿ. ಕೂತೇ ಇರುತ್ತೇನೆ ಅಂದವರಿಗೆ ವಾಕಿಂಗು ಬರೆಯಲಿ. ಡಾಕ್ಟರ ಚೀಟಿಗೆ ಅತ್ತೆಯನ್ನೂ ಒಪ್ಪಿಸುವ ಶಕ್ತಿ ಇದೆಯಲ್ಲ, ಅದು ಶುಗರ್ ಬರುವ ತನಕ ಕಾಯಬೇಕಾಗಿಲ್ಲ. ಮೂವತ್ತು ವರ್ಷ ದಾಟಿದವರ ಬಿಪಿ-ಶುಗರ್ ತಪಾಸಣೆ ಹಳ್ಳಿಯ ಉಪಕೇಂದ್ರದಲ್ಲೇ ನಡೆಯುತ್ತದೆ. ರಿಪೋರ್ಟು ನಾರ್ಮಲ್ ಬಂದ ದಿನವೇ ಆ ಚೀಟಿ ಬರೆದು ಕೊಡಬಹುದು.